ಕಣ್ಣಿಗೆ ಕಾಣುವ ಹೊಲಿಗೆ ಯಂತ್ರವನ್ನು ಶೋಧಿಸುವ ಬಗ್ಗೆ

ಪೊಲೀಸರು ಯಾರದೇ ಮನೆಯನ್ನು ಶೋಧಿಸಬೇಕಾದರೆ ನ್ಯಾಯಾಧೀಶರ ವಾರಂಟ್ ಇರತಕ್ಕದ್ದು. ಇದು ನಾಗರಿಕರ ಹಿತಕ್ಕಾಗಿ ಮಾಡಿದ ಉತ್ತಮ ನಿಯಮ. ನಮ್ಮ ಬೀದಿಯ ದರ್ಜಿ ಅಕ್ಕನೂ ನಾಗರಿಕಳೇ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಅಕ್ಕನ ಹೊಲಿಗೆ ಯಂತ್ರವನ್ನು ಅವಳ ಮೈದುನ ಹಾಡಹಗಲೇ ಹೊತ್ತೊಯ್ದು, ಎದುರು ಸಾಲಿನ ತನ್ನ ಮನೆಯ ಕಿಟಕಿಯ ಬಳಿ, ಒಳ್ಳೆಯ ಬೆಳಕು ಬೀಳುವ ಕಡೆ ಇಟ್ಟುಕೊಂಡ. ಶಾಲೆ ತೆರೆಯುವುದರೊಳಗೆ ಮಕ್ಕಳ ಸಮವಸ್ತ್ರ ಹೊಲಿದು ಕೊಡದಿದ್ದರೆ ಅಕ್ಕನ ವರ್ಷದ ಅನ್ನಕ್ಕೇ ಕಲ್ಲು ಬೀಳುತ್ತಿತ್ತು. ಆಕೆ ಠಾಣೆಗೆ ಓಡಿದಳು.

ಇನ್‌ಸ್ಪೆಕ್ಟರರು ಬಂದು ಬೀದಿಯಲ್ಲೇ ನಿಂತು ಒಳಗೆ ನೋಡಿದರು. ಯಂತ್ರ ಕಂಡಿತು. ಅದರ ಹಿಡಿಗೆ ಅಕ್ಕ ಸುತ್ತಿದ್ದ ಕೆಂಪು ಬಟ್ಟೆಯೂ ಕಂಡಿತು. ಮೈದುನ ಒಳಗಿನಿಂದಲೇ ನಮಸ್ಕಾರ ಮಾಡಿದ. ವಾರಂಟ್ ಇಲ್ಲದೆ ಹೊಸ್ತಿಲು ದಾಟುವಂತಿಲ್ಲವಾದ್ದರಿಂದ ಇನ್‌ಸ್ಪೆಕ್ಟರರು ಪ್ರತಿನಮಸ್ಕಾರ ಮಾಡಿ ನ್ಯಾಯಾಲಯಕ್ಕೆ ಹೋದರು.

"ವಸ್ತು ಎಲ್ಲಿದೆ?" ಎಂದು ನ್ಯಾಯಾಧೀಶರು ಕೇಳಿದರು.

"ಕಿಟಕಿ ಹತ್ರಾನೇ ಇದೆ ಸ್ವಾಮಿ. ಬೀದೀಲಿ ಹೋಗೋರಿಗೆಲ್ಲ ಕಾಣುತ್ತೆ."

"ಕಾಣೋದನ್ನ ಏನ್ರೀ ಹುಡುಕೋದು? ಅಂಗೈ ಹುಣ್ಣಿಗೆ ಕನ್ನಡಿ ಬೇಕಾ?"

ಶೋಧನಾ ವಾರಂಟ್ ಕಾಣದ ವಸ್ತುಗಳಿಗೆ ಮಾತ್ರ ಅನ್ವಯಿಸತಕ್ಕದ್ದೆಂದು ಆದೇಶವಾಯಿತು. ಅರ್ಜಿ ವಜಾ ಆಯಿತು.

ಇನ್‌ಸ್ಪೆಕ್ಟರರು ಕೈಕಟ್ಟಿ ಕೂರುವವರಲ್ಲ. ನೇರವಾಗಿ ಮೈದುನನ ಕಿಟಕಿಗೇ ಬಂದರು. "ಒಂದು ಉಪಕಾರ ಮಾಡಪ್ಪ. ಅದನ್ನ ಮಂಚದ ಕೆಳಗೆ ಎಲ್ಲಾದ್ರೂ ಬಚ್ಚಿಡು. ವಾರಂಟ್ ತಂದು ಹುಡುಕಿಬಿಡ್ತೀನಿ."

ಮೈದುನನಿಗೆ ನಿಜಕ್ಕೂ ನೋವಾಯಿತು. "ಬಚ್ಚಿಡೋಕೆ ನಾನೇನು ಕಳ್ಳನಾ ಸಾರ್? ಮರ್ಯಾದಸ್ಥರ ಮನೆ ಇದು."

ಮಾತು ನ್ಯಾಯವಾಗಿದೆ ಎಂದು ನೆರೆದವರೆಲ್ಲ ತಲೆದೂಗಿದರು. ನಾನೂ ತೂಗಿದೆ.

ಅಕ್ಕ ಮುಂದೆ ಬಂದು, "ನಾನೇ ಹೋಗಿ ತಂದ್ಕೊಳ್ಲಾ?" ಅಂದಳು.

"ಹೋಗೋಕೆ ಅಡ್ಡಿಯಿಲ್ಲ ತಾಯಿ. ನೀವು ಪೊಲೀಸಲ್ಲ, ನಿಮಗೆ ವಾರಂಟ್ ಬೇಡ. ಆದ್ರೆ ಎತ್ಕೊಂಡು ಬಂದ್ರೆ ಕಳ್ಳತನ ಆಗುತ್ತೆ. ನಾನು ಬೇರೆ ಇಲ್ಲೇ ನಿಂತಿದೀನಿ."

ಹೀಗಾಗಿ ಅಕ್ಕ ಬೆಳಗಾದರೆ ಬಟ್ಟೆಗಂಟು ಹೊತ್ತು ಮೈದುನನ ಮನೆಗೆ ಹೋಗಿ, ಅಲ್ಲೇ ಕೂತು ಹೊಲಿಯತೊಡಗಿದಳು. ಸಮವಸ್ತ್ರಗಳು ಸಕಾಲಕ್ಕೆ ಮುಗಿದವು. ವಸ್ತುವೂ ವಾರಸುದಾರಳೂ ಒಂದೇ ಕೋಣೆಯಲ್ಲಿ ಇರುವುದರಿಂದ ವಸ್ತು ವಾರಸುದಾರಳಿಗೆ ತಲುಪಿದೆಯೆಂದು ಠಾಣೆಯವರು ಪ್ರಕರಣ ಮುಗಿಸಿದರು. ಬೀದಿಗೆಲ್ಲ ಸಮಾಧಾನವಾಯಿತು.

ನಿನ್ನೆ ಸಂಜೆ ಅಕ್ಕ ಎದ್ದು ಹೊರಟಾಗ ಮೈದುನ ಎಣ್ಣೆಯ ಡಬ್ಬಿ ಮುಂದಿಟ್ಟ. "ಅತ್ತಿಗೆ, ಎರಡು ತೊಟ್ಟು ಹಾಕಿ ಹೋಗಿ. ಇನ್ನೊಬ್ಬರ ಸಾಮಾನು ಬಳಸುವಾಗ ಸ್ವಲ್ಪ ಜೋಪಾನ ಇರ್ಬೇಕು."

ಅಕ್ಕ ಎಣ್ಣೆ ಹಾಕಿದಳು. ಮರೆತಿದ್ದಕ್ಕೆ ಕ್ಷಮೆಯನ್ನೂ ಕೇಳಿದಳು.