ಫ್ರಿಜ್ಜಿನೊಳಗಿನ ಕೆರೆ

ನಲವತ್ತೈದು ದಾಟಿದ ಮೇಲೆ ಪಿಎಚ್.ಡಿ. ಮಾಡಬಾರದು. ಮಾಡಿದರೂ ಕೆರೆಯ ಮೇಲೆ ಮಾಡಬಾರದು. ಕೆರೆಯ ಮೇಲೆ ಮಾಡಿದರೂ ಅತ್ತೆಯ ಊರಿನ ಕೆರೆಯ ಮೇಲಂತೂ ಖಂಡಿತ ಮಾಡಬಾರದು. ಈ ಮೂರನ್ನೂ ಒಟ್ಟಿಗೆ ಮಾಡಿ ಗೆದ್ದವಳಾದ್ದರಿಂದ ಹೀಗೆ ಹೇಳುವ ಹಕ್ಕು ನನಗಿದೆ.

ನಾನು ರಾಮನಗರದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುವವಳು. ಮನೆ ಚನ್ನಪಟ್ಟಣದಲ್ಲಿ. ನಮ್ಮ ವಿಭಾಗದಲ್ಲಿ ಒಬ್ಬರು ಕಪ್ಪೆಯನ್ನೂ ಇನ್ನೊಬ್ಬರು ರಣಹದ್ದನ್ನೂ ಮೊದಲೇ ಹಿಡಿದುಕೊಂಡುಬಿಟ್ಟಿದ್ದರು. ನನ್ನ ಪಾಲಿಗೆ ಉಳಿದದ್ದು ಪ್ಲಾಂಕ್ಟನ್. ಅಂದರೆ ಕೆರೆ ನೀರಿನಲ್ಲಿ ತೇಲಾಡಿಕೊಂಡಿರುವ, ಸೂಕ್ಷ್ಮದರ್ಶಕವಿಲ್ಲದೆ ಕಾಣದ ಪಾಚಿ ಮತ್ತು ಪುಟಾಣಿ ಪ್ರಾಣಿಗಳು. ರಣಹದ್ದಿನವರು ಫೋಟೊ ತೋರಿಸಿದರೆ ಜನ ಅಬ್ಬಾ ಎನ್ನುತ್ತಾರೆ. ನಾನು ಬಾಟಲಿ ಎತ್ತಿ ತೋರಿಸಿದರೆ, ‘ಮೇಡಂ, ನೀರು ಒಸಿ ಕೊಳಕಾಗೈತೆ, ಚೆಲ್ಬುಡ್ಲಾ?’ ಎಂದು ಅಟೆಂಡರ್ ಕೇಳುತ್ತಾನೆ. ಹದಿನೈದು ದಿನಕ್ಕೊಮ್ಮೆ ಭಾನುವಾರ ಬೆಳಿಗ್ಗೆ ಸ್ಕೂಟರಿನಲ್ಲಿ ಹೊಂಗನೂರಿನ ಆಚೆಗಿರುವ ನಮ್ಮ ಯಜಮಾನರ ಊರಿಗೆ ಹೋಗಿ, ತೂಬಿನ ಹತ್ತಿರ ನೀರು ತುಂಬಿಕೊಂಡು ಬರುವುದು, ಅದರಲ್ಲಿ ಸಾರಜನಕ ಎಷ್ಟು, ರಂಜಕ ಎಷ್ಟು, ಅವನ್ನು ತಿಂದು ಪ್ಲಾಂಕ್ಟನ್ ಎಷ್ಟು ಹೆಚ್ಚಿತು ಎಂದು ಲೆಕ್ಕ ಹಾಕುವುದು. ಒಂದು ವರ್ಷ ಪೂರ್ತಿ ಇದೇ ಕೆಲಸ. ಭಾನುವಾರ ತಂದ ನೀರು ಸೋಮವಾರ ಕಾಲೇಜು ಸೇರುವವರೆಗೆ ತಣ್ಣಗಿರಬೇಕಾದ್ದರಿಂದ ಅದು ನಮ್ಮ ಫ್ರಿಜ್ಜಿನಲ್ಲಿ, ಮೊಸರಿನ ಪಾತ್ರೆಯ ಪಕ್ಕದಲ್ಲಿ ಕೂರುತ್ತಿತ್ತು.

ನಮ್ಮ ಅತ್ತೆಗೆ ಇದು ಒಂದಿಷ್ಟೂ ಹಿಡಿಸಿರಲಿಲ್ಲ. ‘ನಾವು ಎಮ್ಮೆ ಮೈ ತೊಳ್ದಿರೋ ನೀರ್ನ ತಂದು ಅನ್ನದ ಪಕ್ಕ ಮಡಗ್ತೀಯಲ್ಲವ್ವ, ಓದ್ದೋರು ಹಿಂಗೇನಾ ಮಾಡೋದು?’ ಎಂದು ಕೇಳುತ್ತಿದ್ದರು. ನಾನು ಮಾಗಡಿ ಪೇಟೆಯಲ್ಲಿ ಬೆಳೆದವಳು. ರಾಗಿ ಪೈರು ಯಾವುದು, ಹುಲ್ಲು ಯಾವುದು ಎಂದು ತಿಳಿಯದವಳು ಕೆರೆಯ ವಿಷಯದಲ್ಲಿ ಡಾಕ್ಟರಾಗುತ್ತಾಳಂತೆ ಎನ್ನುವುದು ಅವರಿಗೆ ವರ್ಷವಿಡೀ ಸಾಕಾಗುವಷ್ಟು ನಗು ಕೊಟ್ಟಿತ್ತು.

ಕಷ್ಟ ಶುರುವಾದದ್ದು ಗ್ರಾಫ್ ಬರೆದಾಗ. ಮಳೆಗಾಲದಲ್ಲಿ ಹೊಲದ ಗೊಬ್ಬರ ಕೊಚ್ಚಿಕೊಂಡು ಬಂದು ಕೆರೆಯಲ್ಲಿ ರಂಜಕ ಏರುತ್ತದೆ, ಅದರ ಬೆನ್ನಿಗೇ ಪ್ಲಾಂಕ್ಟನ್ ಏರುತ್ತದೆ. ಪುಸ್ತಕದಲ್ಲೂ ಹಾಗೇ ಇದೆ, ನನ್ನ ಗ್ರಾಫಿನಲ್ಲೂ ಹಾಗೇ ಬಂತು. ಆದರೆ ಆ ವರ್ಷ ಒಂದು ಹನಿ ಮಳೆ ಬೀಳದ ಜನವರಿ, ಮಾರ್ಚ್, ಮೇ ತಿಂಗಳುಗಳಲ್ಲಿ ಮೂರು ಗುಡ್ಡಗಳು ಎದ್ದು ನಿಂತಿದ್ದವು. ನಮ್ಮ ಗೈಡು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ‘ಇದು ಕೆರೆಯ ತಪ್ಪಲ್ಲ, ನಿಮ್ಮ ತಪ್ಪು. ಸ್ಯಾಂಪಲ್‌ನಲ್ಲಿ ಏನೋ ಬೆರೆತಿದೆ. ಸಂಕ್ರಾಂತಿ ಕಳೆದ ಮೇಲೆ ಸಮಿತಿ ಕೂರುತ್ತದೆ. ಅಷ್ಟರಲ್ಲಿ ಕಾರಣ ಹೇಳಿ, ಇಲ್ಲ ಇನ್ನೊಂದು ವರ್ಷ ನೀರು ಹೊರಿ’ ಎಂದರು. ಇನ್ನೊಂದು ವರ್ಷ! ಬಸ್ಸಿನಲ್ಲಿ ಬರುವಾಗ ಬಿಡದೆ ಅಳು ಬಂತು. ಪಕ್ಕದಲ್ಲಿ ಕೂತಿದ್ದ ಹೆಂಗಸು ನನಗೆ ಯಾರೋ ತೀರಿಕೊಂಡಿರಬೇಕೆಂದು ತಿಳಿದು ಕಿಟಕಿಯ ಸೀಟು ಬಿಟ್ಟುಕೊಟ್ಟಳು.

ಮನೆ ಸೇರುವಷ್ಟರಲ್ಲಿ ಅಳು ಹೋಗಿ ಅನುಮಾನ ಬಂದಿತ್ತು. ಸ್ಯಾಂಪಲ್‌ನಲ್ಲಿ ಏನೋ ಬೆರೆತಿದೆ. ಬೆರೆಸಬಲ್ಲವರು ಯಾರು? ಒಮ್ಮೆ ಅತ್ತೆ ಬಾಟಲಿಯ ಮುಚ್ಚಳ ತೆಗೆದು ಮೂಸಿ ನೋಡುತ್ತಿದ್ದುದನ್ನು ನಾನೇ ಕಂಡಿದ್ದೆ. ಮೊಸರಿನ ಸೌಟಿನಿಂದ ಒಂದು ತೊಟ್ಟು ಬಿದ್ದರೂ ಸಾಕು, ರಂಜಕ ಏರುತ್ತದೆ. ವರ್ಷ ತುಂಬಲು ಇನ್ನೂ ಕೆಲವು ಸಲ ನೀರು ತರುವುದಿತ್ತು. ನಮ್ಮ ಹಳೆಯ ಫ್ರಿಜ್ಜಿಗೆ ಬೀಗವಿದೆ ಎಂಬುದು ಆವತ್ತು ನೆನಪಾಯಿತು. ಹಾಕಿದೆ. ಬೀಗದ ಕೈ ಕೇಳುವುದು ಅತ್ತೆಯ ಜಾಯಮಾನವಲ್ಲ. ಎರಡು ದಿನ ಮೊಸರಿಲ್ಲದೆ ಬರೀ ಸಾರಿನಲ್ಲಿ ಉಂಡು ಎದ್ದರು. ಮೂರನೆಯ ದಿನ ಎದುರು ಮನೆಯ ಶಕೀಲಾ, ಬೊಂಬೆಗೆ ಅರಗು ಹಚ್ಚುವ ಕೆಲಸವನ್ನು ಅರ್ಧಕ್ಕೇ ಬಿಟ್ಟು, ಬಟ್ಟಲು ತುಂಬ ಮೊಸರು ತಂದು, ‘ಅಮ್ಮಾ, ನಿಮ್ಗೆ ಮನೇಲಿ ಮೊಸ್ರಿಲ್ಲ ಅಂತೆ’ ಎಂದು ನನ್ನ ಕಡೆ ನೋಡದೆ ಕೊಟ್ಟು ಹೋದಳು. ನನಗೆ ನಾಚಿಕೆಯಾಯಿತು. ಆದರೆ ಬೀಗ ತೆಗೆಯುವಷ್ಟು ಆಗಲಿಲ್ಲ.

ಡಿಸೆಂಬರಿನ ಒಂದು ಮಧ್ಯಾಹ್ನ ನಡುಮನೆಯಲ್ಲಿ ಚಾರ್ಟು ಹಾಸಿಕೊಂಡು, ಮೂರು ಗುಡ್ಡಗಳನ್ನು ಕೆಂಪು ಪೆನ್ನಿನಲ್ಲಿ ತಿದ್ದುತ್ತಾ ಕೂತಿದ್ದೆ. ಅತ್ತೆ ಗೋಡೆಗೊರಗಿ ಅವರೆಕಾಯಿ ಸುಲಿಯುತ್ತಿದ್ದರು. ನನ್ನ ಕೂಡ ಅವರಿಗೆ ಮಾತು ಬಿಟ್ಟಿತ್ತು, ಆದರೆ ಕಣ್ಣು ಬಿಟ್ಟಿರಲಿಲ್ಲ.

‘ಅದೇನವ್ವ ಗುಡ್ಡಗೋಳು?’

‘ಕೆರೆ ನೀರಿನಲ್ಲಿ ಸಾರ ಹೆಚ್ಚಿದ್ದು ಅತ್ತೆ. ಇದು ಜನವರಿ ಕೊನೆ. ಇದು ಶಿವರಾತ್ರಿ ಆದಮೇಲೆ. ಇದು ಮೇ ತಿಂಗಳು.’

ಅತ್ತೆಯ ಕೈ ನಿಂತಿತು. ‘ಸಂಕ್ರಾಂತಿ ಆದ್ಮೇಲೆ, ಸಿವ್ರಾತ್ರಿ ಆದ್ಮೇಲೆ, ಆಮೇಲೆ ಬ್ಯಾಸ್ಗೆ ಕೊನೇಲಿ... ಅದು ನಮ್ಮ ಹುಳ ಹಣ್ಣಾಗಿದ್ದಲ್ವೇನವ್ವ? ನಾನೇ ಹೋಗಿದ್ನಲ್ಲ, ಮೂರು ಬೆಳೇಗೂವೆ!’

ನಮ್ಮ ಮೈದುನನ ಮನೆಯಲ್ಲಿ ರೇಷ್ಮೆ ಸಾಕುತ್ತಾರೆ. ಹುಳ ಹಣ್ಣಾಗಿ ಗೂಡು ಕಟ್ಟುವ ಹೊತ್ತಿಗೆ ಕೈ ಸಾಲದೆ ಪ್ರತಿ ಬೆಳೆಗೂ ಅತ್ತೆ ಊರಿಗೆ ಹೋಗುತ್ತಾರೆ. ಊರಿನವರೆಲ್ಲ ಒಂದೇ ಕಡೆಯಿಂದ ಮರಿಹುಳ ತರುವುದರಿಂದ ಎಲ್ಲರ ಬೆಳೆಯೂ ಹೆಚ್ಚುಕಡಿಮೆ ಒಂದೇ ವಾರ ಮುಗಿಯುತ್ತದೆ.

‘ಬೆಳೆ ಎದ್ಮೇಲೆ ಹುಳದ ತಟ್ಟೆ, ಗೂಡು ಕಟ್ಟಿಸೋ ಚಂದ್ರಿಕೆ ಎಲ್ಲಿ ತೊಳೀತೀರಿ ಅತ್ತೆ?’ ಎಂದು ಪೆನ್ನು ಕೆಳಗಿಟ್ಟು ಕೇಳಿದೆ.

‘ಇನ್ನೆಲ್ಲಿ ತೊಳಿಯಾನ? ಕೆರೇಲೇಯ. ಹುಳುದ್ ಹಿಕ್ಕೆ, ತಿಂದುಳಿದ ಸೊಪ್ಪು, ಎಲ್ಲಾನೂ ನೀರ್ಗೆ ಬುಟ್ಟು ಉಜ್ಜೋದು. ನೀನು ಬರೋದು ಭಾನ್ವಾರ ಬೆಳಿಗ್ಗೆ, ಅದೂ ತೂಬಿನ ತಾವ. ನಿಂಗೇನು ಕಾಣ್ತದೆ?’

ನಾನು ಎದ್ದು ಅತ್ತೆಯನ್ನು ಅಪ್ಪಿಕೊಂಡೆ. ಅವರೆಕಾಯಿ ಮೊರ ಚೆಲ್ಲಿಹೋಯಿತು. ಮಳೆಗಾಲದಲ್ಲಿ ಕೆರೆ ತುಂಬಿರುವಾಗ ಆ ಹಿಕ್ಕೆ ಲೆಕ್ಕಕ್ಕೇ ಸಿಗುವುದಿಲ್ಲ, ಮಳೆ ನಿಂತು ನೀರು ಇಳಿದ ಮೇಲೆ ಗುಡ್ಡವಾಗಿ ಏಳುತ್ತದೆ. ಅಂದರೆ ನನ್ನ ಅನುಮಾನ ಪೂರ್ತಿ ಸುಳ್ಳಾಗಿರಲಿಲ್ಲ. ಬೆರೆಸಿದವರು ಅತ್ತೆಯೇ, ಬೆರೆಸಿದ ಜಾಗ ಮಾತ್ರ ಬೇರೆ. ಮರುದಿನವೇ ಊರಿಗೆ ಹೋಗಿ ಮೈದುನನ ಮನೆಯ ಗೋಡೆಯ ಕ್ಯಾಲೆಂಡರ್ ನೋಡಿದೆ. ಮರಿ ತಂದ ದಿನ, ಹುಳ ಪೊರೆ ಬಿಟ್ಟು ಒಂದೊಂದು ಜ್ವರ ಎದ್ದ ದಿನ, ಹಣ್ಣಾದ ದಿನ ಎಲ್ಲಕ್ಕೂ ಪೆನ್ನಿನ ಗುರುತಿತ್ತು. ಮೂರು ಬೆಳೆ, ಮೂರು ಗುಡ್ಡ, ಕೂಡಿಸಿಟ್ಟ ಹಾಗೆ. ಆ ತಿಂಗಳ ಬೆಳೆಗೆ, ತೊಳೆಯುವ ಮುಂಚೆ ಒಂದು ಸಲ, ತೊಳೆದ ಮೇಲೆ ಒಂದು ಸಲ, ಅವರು ತಟ್ಟೆ ಉಜ್ಜುವ ಮೂಲೆಯ ನೀರನ್ನೇ ತಂದು ನೋಡಿದೆ. ರಂಜಕ ಜಿಗಿದಿತ್ತು.

ಸಮಿತಿಯ ಮುಂದೆ ನಾನು ಕ್ಯಾಲೆಂಡರಿನ ಫೋಟೊವನ್ನು ಪ್ರೊಜೆಕ್ಟರಿನಿಂದ ಗೋಡೆಗೆ ಬಿಟ್ಟಾಗ ಎಲ್ಲರೂ ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಹೊರಗಿನಿಂದ ಬಂದಿದ್ದ ಹಿರಿಯ ಪ್ರಾಧ್ಯಾಪಕರು ಮೇಜು ತಟ್ಟಿ, ‘ಇಂಥದ್ದನ್ನು ನಾನೆಲ್ಲೂ ನೋಡಿಲ್ಲ. ಹೇಗೆ ಹೊಳೆಯಿತಮ್ಮಾ ನಿಮಗೆ?’ ಎಂದರು. ನಮ್ಮ ಗೈಡು ತಮಗೆ ಮೊದಲೇ ಗೊತ್ತಿತ್ತು ಎನ್ನುವಂತೆ ಮುಗುಳ್ನಕ್ಕರು. ನಾನು ಆ ಗೆಲುವಿನ ಅಮಲಿನಲ್ಲಿ, ‘ಕ್ಷೇತ್ರಕಾರ್ಯದಲ್ಲಿ ಗಮನಕ್ಕೆ ಬಂತು ಸರ್’ ಎಂದುಬಿಟ್ಟೆ. ಕ್ಷೇತ್ರ ಎಂದರೆ ನಮ್ಮ ನಡುಮನೆ ಎಂದು ಬಿಡಿಸಿ ಹೇಳಲಿಲ್ಲ. ಸಂಜೆ ಮೈಸೂರು ಪಾಕು ಹಿಡಿದುಕೊಂಡು ಮನೆಗೆ ಬಂದು, ‘ಎಲ್ಲಾ ನಿಮ್ಮಿಂದಲೇ ಅಂತ ಹೇಳಿದೆ ಅತ್ತೆ’ ಎಂದು ಎರಡನೆಯ ಸುಳ್ಳನ್ನೂ ಹೇಳಿದೆ.

ಅತ್ತೆ ಅದನ್ನು ನಂಬಿದರು. ನಂಬಿ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಊರಿಗೆ ಹೋದವರೇ ಹೆಂಗಸರನ್ನೆಲ್ಲ ಸೇರಿಸಿ, ‘ಇನ್ಮೇಲೆ ಯಾರೂ ಕೆರೇಲಿ ತೊಳೀಕೂಡ್ದು ಕಣ್ರವ್ವಾ. ಹಿಕ್ಕೆ ತ್ವಾಟಕ್ಕೆ ಹಾಕ್ರಿ, ಸೊಪ್ಪಾದ್ರೂ ಬತ್ತದೆ’ ಎಂದು ಅಪ್ಪಣೆ ಮಾಡಿದರು. ನಾನು ವರ್ಷಗಟ್ಟಲೆ ಉಪನ್ಯಾಸ ಕೊಟ್ಟಿದ್ದರೂ ಆಗದ ಕೆಲಸ ಒಂದು ಮಾತಿಗೆ ಆಯಿತು. ಶಿವರಾತ್ರಿಯ ಬೆಳೆ ಎದ್ದ ಮೇಲೆ ಕೆರೆಗೆ ಹೋದರೆ ನೀರು ತಿಳಿಯಾಗಿತ್ತು. ಸಂತೋಷದಿಂದ ಪರೀಕ್ಷೆ ಮಾಡಿದೆ. ಗುಡ್ಡವೇ ಇಲ್ಲ, ಒಂದು ದಿಬ್ಬವೂ ಇಲ್ಲ! ಆಮೇಲೆ ಇನ್ನೊಂದು ಯೋಚನೆ ಬಂತು. ನಾಳೆ ಯಾರಾದರೂ ನನ್ನ ಪ್ರಬಂಧ ಹಿಡಿದುಕೊಂಡು ಆ ಕೆರೆಗೆ ಹೋದರೆ, ಈ ಮೇಡಂ ಮನೆಯಲ್ಲೇ ಕೂತು ಗುಡ್ಡ ಬರೆದಿದ್ದಾರೆ ಎನ್ನುವುದಿಲ್ಲವೇ? ಆಗ ನನ್ನ ಪರವಾಗಿ ಸಾಕ್ಷಿ ಹೇಳಲು ಈ ಭೂಮಿಯ ಮೇಲೆ ಇರುವವರು ಒಬ್ಬರೇ, ಅವರ ಹೆಸರು ಪ್ರಬಂಧದಲ್ಲಿ ಎಲ್ಲೂ ಇರಲಿಲ್ಲ.

ಬೈಂಡಿಂಗಿಗೆ ಕೊಡುವ ಹಿಂದಿನ ದಿನ ಓಡಿಹೋಗಿ, ಕೃತಜ್ಞತೆಯ ಪುಟದಲ್ಲಿ ಗೈಡಿಗಿಂತ ಮೇಲೆ ಅತ್ತೆಯ ಹೆಸರನ್ನೂ ಅವರು ಹೇಳಿಕೊಟ್ಟದ್ದನ್ನೂ ಸೇರಿಸಿದೆ. ಓದಿದವರೆಲ್ಲ ಎಂಥ ಸೊಸೆ, ಎಂಥ ಸೊಸೆ ಎಂದು ಹೊಗಳುತ್ತಿದ್ದಾರೆ. ನಾನೂ ತಲೆ ತಗ್ಗಿಸಿ ಒಪ್ಪಿಕೊಳ್ಳುತ್ತಿದ್ದೇನೆ.