ಯಾರ ಮೀಸೆ ತೆಗೆಯಲಿ?

ಹೊರಗೆ ಪಟಾಕಿ ಸಿಡಿದದ್ದೇ ತಡ, "ಹಾಕಲೇ ಕತ್ತಿ, ನಿಮ್ ಮಾವನ ಮೀಸಿಗೆ!" ಎಂದು ದೊಡ್ಡಪ್ಪ ಕುರ್ಚಿಯಲ್ಲೇ ಎಗರಿದರು. ಪಕ್ಕದ ಕುರ್ಚಿಯಲ್ಲಿದ್ದ ಮಾವ ನೊರೆಯೊಳಗಿಂದಲೇ ನಕ್ಕರು. "ಪಟಾಕಿ ನಮ್ಮೋರ್ದು ಮಾರಾಯ್ರೆ. ಅಳಿಯಂದ್ರೇ, ನೀವು ಬೀಗರ ಮೀಸೆ ತೆಗೀರಿ."

ಇದು ಶಿರಾಳಕೊಪ್ಪದ ಹತ್ತಿರದ ಹಳ್ಳಿಯಲ್ಲಿರುವ ನನ್ನ ಕಟಿಂಗ್ ಶಾಪು. ದೊಡ್ಡಪ್ಪ ತಾಳಗುಂದದ ಕಡೆಯವರು, ನನ್ನನ್ನು ಸಾಕಿದವರು. ಮಾವ ಸೊರಬದ ಕಡೆಯ ಕುಪ್ಪಗಡ್ಡೆಯವರು. ಮಾವ ಅಂದರೆ ಇನ್ನೂ ಆಗಿಲ್ಲ, ಮಗಳನ್ನು ಕೊಡುತ್ತೇನೆ ಅಂದಿದ್ದಾರೆ. ಮುಂದಿನ ವಾರ ನಿಶ್ಚಿತಾರ್ಥ. ಅದರ ಮಾತಿಗೆ ಅಂತ ಕೂತವರು ರಾಜಕೀಯಕ್ಕೆ ಇಳಿದು ಬಾಜಿ ಕಟ್ಟಿಬಿಟ್ಟರು. ನಮ್ಮ ಪಂಚಾಯ್ತಿಯ ಹಳೇ ಅಧ್ಯಕ್ಷ ದೊಡ್ಡಪ್ಪನ ಪಾರ್ಟಿಯವನು. ಮಾವನ ಪಾರ್ಟಿಯವರು ಅವಿಶ್ವಾಸ ತಂದು ಅವನನ್ನು ಇಳಿಸಿದ್ದರು. ಇವತ್ತು ಹೊಸ ಅಧ್ಯಕ್ಷನ ಆಯ್ಕೆ. ಇಬ್ಬರಲ್ಲಿ ಯಾರ ಪಾರ್ಟಿ ಸೋಲುತ್ತದೋ ಅವರ ಮೀಸೆ ಹೋಗಬೇಕು. ಸೋತ ಮೇಲೆ ಎದ್ದು ಓಡಬಾರದು ಅಂತ ಇಬ್ಬರೂ ಮೊದಲೇ ನೊರೆ ಹಚ್ಚಿಸಿಕೊಂಡು ಕೂತಿದ್ದರು. ಕತ್ತಿ ಹಿಡಿದವನು ನಾನು, ತೀರ್ಪು ಹೇಳುವವನೂ ನಾನೇ. ದೊಡ್ಡಪ್ಪನದು ತೆಗೆದರೆ ನಿಶ್ಚಿತಾರ್ಥಕ್ಕೆ ಎಲೆ ಅಡಿಕೆ ಹಿಡಿಯುವವರಿಲ್ಲ. ಮಾವನದು ತೆಗೆದರೆ ಹುಡುಗಿಯೇ ಇಲ್ಲ.

ಗ್ರಾಮ ಪಂಚಾಯ್ತಿ ಚುನಾವಣೆಗೆ ಪಾರ್ಟಿ ಚಿಹ್ನೆ ಇರುವುದಿಲ್ಲ. ಒಬ್ಬ ಆಟೋ ತೋರಿಸಿ ಗೆಲ್ಲುತ್ತಾನೆ, ಇನ್ನೊಬ್ಬ ಹೊಲಿಗೆ ಮಿಷನ್. ಗೆದ್ದ ಮೇಲೆ ಎಲ್ಲ ಪಾರ್ಟಿಯವರೂ ಬಂದು ನಮ್ಮವನು ಅನ್ನುತ್ತಾರೆ. ಯಾರು ಮೊದಲು ಪಟಾಕಿ ಹೊಡೆದರೋ ಅವರು ಗೆದ್ದ ಹಾಗೆ. ಇದು ಗೊತ್ತಿದ್ದರೆ ನಾನೂ ಒಂಬತ್ತನೇ ಕ್ಲಾಸಿನಲ್ಲಿ ಫೇಲಾದ ದಿನ ಒಂದು ಸರ ಹೊಡೆದುಬಿಡುತ್ತಿದ್ದೆ. ಗೊತ್ತಿರಲಿಲ್ಲ, ಅಳುತ್ತಾ ಕೂತೆ.

ಹೊರಗೆ ಯಾರೋ ಗೆದ್ದವನ ಹೆಸರು ಕೂಗಿದರು. "ಹೊಸಬ ನಮ್ ಸಪೋರ್ಟಲ್ಲೇ ಬಂದಿದ್ದು," ಎಂದರು ಮಾವ.

"ಬೀಗ್ರೇ, ಅಂವ ಹುಟ್ಟಿದಾಗಿಂದ ನಮ್ ಪಾರ್ಟಿ. ಮನಿ ಜಗಳಕ್ಕೆ ನಿಮ್ ಜಗಲಿ ಮ್ಯಾಲೆ ಎರಡು ದಿನ ಮಲಗಿದ್ದ, ಅಷ್ಟೇ."

"ಹಂಗಾರೆ ಇಳಿಸಿದ್ದು ಯಾರನ್ನ?"

"ಇಳದಂವನೂ ನಮ್ಮೋನು, ಏರಿದಂವನೂ ನಮ್ಮೋನು. ನೀವು ಏಣಿ ಹಿಡದ್ರಿ!"

ಅಷ್ಟರಲ್ಲಿ ಮೆರವಣಿಗೆ ಅಂಗಡಿ ಮುಂದೆಯೇ ಬಂತು. ಮುಂದೆ ಒಂದು ಪಾರ್ಟಿಯ ಡೊಳ್ಳು, ಹಿಂದೆ ಇನ್ನೊಂದು ಪಾರ್ಟಿಯ ಡಿಜೆ. ನಡುವೆ ಹೊಸ ಅಧ್ಯಕ್ಷ, ಎರಡು ಹೆಗಲಿಗೆ ಎರಡು ಬಣ್ಣದ ಶಾಲು. ನಾನು ಕತ್ತಿ ಹಿಡಿದೇ ಓಡಿದೆ. "ಅಧ್ಯಕ್ಷರೇ, ನೀವು ಯಾವ ಪಾರ್ಟಿ? ಬೇಗ ಹೇಳ್ರಿ, ನನ್ ಮದುವಿ ಪ್ರಶ್ನೆ!"

ಅವನು ಕತ್ತಿ ನೋಡಿ ಒಂದು ಹೆಜ್ಜೆ ಹಿಂದೆ ಸರಿದ. ಆಮೇಲೆ ಎರಡೂ ಕಡೆಗೆ ಕೈ ಮುಗಿದ. "ಎಲ್ಲಾರ ಆಶೀರ್ವಾದ ಕಣಪ್ಪ. ಒಳ್ಳೇದಾಗ್ಲಿ ನಿಂಗೆ."

ಒಳಗೆ ಬಂದು "ಇಬ್ಬರೂ ಗೆದ್ದೀರಿ" ಅಂದೆ. ನೊರೆ ಒಣಗಿ ಇಬ್ಬರಿಗೂ ಮೂಗು ಕೆರೆಯುತ್ತಿತ್ತು. "ಇಬ್ರೂ ಗೆದ್ರೆ ಸೋತಿದ್ದು ಯಾರಲೇ? ಬಾಜಿ ಅಂದ್ಮ್ಯಾಲೆ ಒಂದು ಮೀಸಿ ಹೋಗ್ಲೇಬೇಕು," ಎಂದರು ದೊಡ್ಡಪ್ಪ. ಮಾವ ಹೌದು ಹೌದು ಅಂದರು. ಇಬ್ಬರೂ ಒಂದೇ ಮಾತಿಗೆ ಬಂದದ್ದು ಅದೇ ಮೊದಲು. ಹಾಗೇ ತಿರುಗಿ ನನ್ನ ಮೀಸೆ ನೋಡಿದರು.

ಕನ್ನಡಿ ಮುಂದೆ ನಿಂತು ನನ್ನದನ್ನು ನಾನೇ ತೆಗೆದುಕೊಂಡೆ. ಮದುವೆ ಉಳಿಯಿತಲ್ಲ ಅಂತ ಸಮಾಧಾನದಿಂದ ತಿರುಗಿದೆ. ಮಾವ ತಲೆ ವಾರೆ ಮಾಡಿ ನೋಡಿದರು.

"ಎಂತದು ಬೀಗ್ರೇ, ಹುಡುಗ ಹಿಂಗೆ ಕಾಣ್ತಾನೆ? ಫೋಟೋ ನೋಡಿದ್ರೆ ನಮ್ ನೆಂಟ್ರು ನಗ್ತಾರೆ. ಮೀಸೆ ಬರ್ಲಿ, ಆಮೇಲೆ ನಿಶ್ಚಿತಾರ್ಥ ಮಾಡನ."

"ಅದೂ ಖರೆ," ಎಂದರು ದೊಡ್ಡಪ್ಪ.

ಇಬ್ಬರೂ ಮೀಸೆ ಒರೆಸಿಕೊಂಡು ಚಾ ಕುಡಿಯಲು ಹೋದರು. ಗೆದ್ದವರು ಯಾರು ಅಂತ ಈಗ ನನ್ನನ್ನು ಕೇಳಬೇಡಿ. ಹೇಳುವುದು ಇಷ್ಟೇ, ಇನ್ನೇನಿಲ್ಲ.