ಫೋರ್‌ಕೆ ಟಗರು

ಮಾವನ ಟಗರನ್ನು ಜಗತ್ತಿಗೇ ತೋರಿಸುತ್ತೇನೆಂದು ಹೊರಟವನು ನಾನೇ. ಯಾರೂ ಕೇಳಿರಲಿಲ್ಲ. ಕಡೂರು ಬಸ್ ಸ್ಟ್ಯಾಂಡ್ ಪಕ್ಕ ಜೆರಾಕ್ಸ್ ಅಂಗಡಿ ಇಟ್ಟು, ಅರ್ಧ ತಾಲ್ಲೂಕಿನ ಆಧಾರ್ ಕಾರ್ಡುಗಳನ್ನು ಲ್ಯಾಮಿನೇಟ್ ಮಾಡಿದ ಈ ತೀರ್ಥೇಶನಿಗೆ ಟಗರು ಮಾರಲು ಒಂದು ವೆಬ್‌ಸೈಟ್ ಮಾಡುವುದು ಯಾವ ಲೆಕ್ಕ!

ಯಗಟಿಯ ನನ್ನ ಮಾವ ಮುದ್ದಪ್ಪನವರು ಮೂರು ವರ್ಷ ಮುದ್ದಿನಿಂದ ಸಾಕಿದ ಟಗರು ಅದು. ಯಾರದಾದರೂ ಮಂದೆಗೆ ಬೀಜದ ಟಗರಾಗಿ ಹೋಗಬೇಕು, ಕಸಾಯಿ ಅಂಗಡಿಗೆ ಮಾತ್ರ ಹೋಗಕೂಡದು ಎಂಬುದು ಅವರ ಹಠ. ಬೀಜದ ಟಗರು ಕೊಳ್ಳುವವರು ಹಲ್ಲು ನೋಡಿ, ಕೊಂಬು ನೋಡಿ, ಕೊನೆಗೆ ಹತ್ತು ಹೆಜ್ಜೆ ನಡೆಸಿ ನೋಡುತ್ತಾರೆ. ಕುಂಟು ಅನ್ನಿಸಿತೋ, ಕಥೆ ಮುಗಿಯಿತು. ಅದಕ್ಕೇ ನಾನು ಟಗರನ್ನು ಹೊಲದುದ್ದಕ್ಕೂ ನಡೆಸಿ, ಫೋನಿನಲ್ಲಿದ್ದ ಅತ್ಯುನ್ನತ ಗುಣಮಟ್ಟದ ಫೋರ್‌ಕೆಯಲ್ಲಿ ವಿಡಿಯೋ ತೆಗೆದೆ.

ಹೆಂಡತಿ ಬೃಂದಾ ಸ್ಕೂಲಿನಲ್ಲಿ ಕಂಪ್ಯೂಟರ್ ಟೀಚರ್. ಫೈಲು ನೋಡಿದವಳೇ ಹಣೆ ಚಚ್ಚಿಕೊಂಡಳು.

"ರೀ, ಇದು ಒಂದು ಜಿಬಿಗಿಂತ ಜಾಸ್ತಿ ಐತೆ. ಎಂಪಿಫೋರ್ ಮಾಡಿ, ಸಣ್ಣದು ಮಾಡಿ ಹಾಕಿ. ಎಲ್ರ ಫೋನಲ್ಲೂ ಸಲೀಸಾಗಿ ಓಡ್ತದೆ."

"ಸಣ್ಣದು ಮಾಡಿದ್ರೆ ಉಣ್ಣೆ ಎಳೆ ಕಾಣಲ್ಲ ಕಣೇ."

"ಅವ್ರೇನು ಕಂಬಳಿ ತಗೊಳ್ತಾರಾ? ನಡಿಗೆ ಕಂಡ್ರೆ ಸಾಕು."

"ಜೆರಾಕ್ಸ್ ಅಂಗಡಿಯವನಿಗೆ ಕ್ವಾಲಿಟಿ ಹೇಳ್ಕೊಡ್ತೀಯಾ?"

"ಸರಿ, ನಿಮ್ಮಿಷ್ಟ," ಎಂದು ಅವಳು ಎದ್ದು ಹೋದಳು. ಬೃಂದಾ 'ನಿಮ್ಮಿಷ್ಟ' ಅಂದಳೆಂದರೆ ನನ್ನ ಗ್ರಹಚಾರ ಹತ್ತಿರ ಬಂತೆಂದೇ ಅರ್ಥ. ಹದಿನಾಲ್ಕು ವರ್ಷ ಸಂಸಾರ ಮಾಡಿಯೂ ನನಗದು ಹೊಳೆಯಲಿಲ್ಲ.

ಫೈಲನ್ನು ಇದ್ದ ಹಾಗೇ ಸೈಟಿಗೆ ಹಾಕಿದೆ. ಅಂಗಡಿಯ ವೈಫೈನಲ್ಲೇನೋ ಟಗರು ಮಹಾರಾಜನಂತೆ ನಡೆಯಿತು. ಸಂಜೆ ಅಜ್ಜಂಪುರದ ಕಡೆಯಿಂದ ಈರಣ್ಣ ಅನ್ನುವ ಮಂದೆಯವರು ಫೋನ್ ಮಾಡಿದರು.

"ಏನ್ ಸ್ವಾಮಿ, ಟಗರಿಗೆ ಕಾಲ್ ನೋವಾ? ಮುಂಗಾಲು ಎತ್ತಿದ್ದು ಇಳಿಸ್ಲೇ ಇಲ್ಲ. ಆಮೇಲೆ ಒಂದೇ ಸಲಕ್ಕೆ ಬೇಲಿ ಹತ್ರ ಹೋಗ್ಬಿಡ್ತು."

"ನೋವಲ್ಲ ಕಣಣ್ಣ, ಅದು ಬಫರಿಂಗು."

"ಅಯ್ಯೋ ಪಾಪ. ಇಂಜೆಕ್ಷನ್ ಹಾಕ್ಸಿದ್ರಾ?"

ಮಾರನೆಯ ದಿನ ತರೀಕೆರೆಯಿಂದ ಇನ್ನೊಬ್ಬರು, ಬಫರಿಂಗು ಬೇರೆ ಕುರಿಗಳಿಗೂ ಅಂಟುತ್ತದಾ ಎಂದು ವಿಚಾರಿಸಿದರು. ಮೂರನೆಯ ಫೋನು ಒಬ್ಬ ಕಸಾಯಿಯವನದು. ಕಾಲು ಹೇಗಿದ್ದರೂ ಅವನಿಗೆ ನಡೆಯುತ್ತದಂತೆ.

ಸುದ್ದಿ ಯಗಟಿ ಮುಟ್ಟಿತು. ಮಾವ ಟಗರನ್ನು ಗೂಡ್ಸ್ ಆಟೋಗೆ ಹತ್ತಿಸಿಕೊಂಡು ನೇರ ನನ್ನ ಅಂಗಡಿ ಮುಂದೆ ಇಳಿದರು.

"ಅಳಿಯಂದ್ರೇ, ನನ್ ಟಗರು ಎಲ್ಲಿ ಕುಂಟ್ತದೆ, ಒಸಿ ತೋರ್ಸಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಬಗ್ಗಿ ಟಗರಿನ ಮುಂಗಾಲು ಸವರುತ್ತಿದ್ದರು. ನನಗೆ ನಿಜಕ್ಕೂ ನಾಚಿಕೆಯಾಯಿತು.

ಸ್ಕೂಲು ಮುಗಿಸಿ ಬಂದ ಬೃಂದಾ ಹಗ್ಗವನ್ನು ನನ್ನ ಕೈಗೆ ಕೊಟ್ಟು, "ನೀವು ಇದನ್ನ ಹಿಡ್ಕೊಂಡು ನಡೀರಿ ಸಾಕು," ಎಂದಳು. ಟಗರು ನಡೆಯಿತು. ಕೊಂಬು ಯಾವ ಕಡೆ ತಿರುಗುತ್ತದೋ ಎಂಬ ಮುಂಜಾಗ್ರತೆಯಿಂದ ನಾನೂ ನಡೆದೆ. ಅವಳು ವಿಡಿಯೋ ತೆಗೆದದ್ದು ಇಪ್ಪತ್ತೇ ಸೆಕೆಂಡು. ಅದನ್ನು ಎಂಪಿಫೋರ್ ಮಾಡಿ, ಸಣ್ಣದು ಮಾಡಿ, ತನ್ನ ತಂದೆಯ ಹಳೇ ಫೋನಿನಲ್ಲಿ ಒಮ್ಮೆ ಓಡಿಸಿ ನೋಡಿ, ಆಮೇಲೆ ಸೈಟಿಗೆ ಹಾಕಿದಳು. ಈರಣ್ಣನವರಿಗೂ ಅವಳೇ ಹೇಳಿದಳು.

ಹತ್ತು ನಿಮಿಷಕ್ಕೆ ಅವರ ಫೋನ್ ಬಂತು. ಬೃಂದಾ ಸ್ಪೀಕರಿಗೆ ಹಾಕಿದಳು.

"ಅಕ್ಕಾ, ಟಗರು ಆನೆ ನಡೆದಂಗೆ ನಡೀತದೆ. ನಾಳೇನೇ ಬಂದು ನಮ್ ಮಂದೆಗೆ ಹೊಡ್ಕೊಂಡು ಹೋಗ್ತೀನಿ."

ಮಾವ ಟವೆಲಿನಲ್ಲಿ ಕಣ್ಣೊರೆಸಿಕೊಂಡರು. ನಾನು ಎದೆ ಉಬ್ಬಿಸಿದೆ. ಆದರೆ ಈರಣ್ಣನವರ ಮಾತು ಮುಗಿದಿರಲಿಲ್ಲ.

"ಹಗ್ಗ ಹಿಡ್ದಿರೋ ಮನುಷ್ಯ ಮಾತ್ರ ಒಂದೆಜ್ಜೆ ಇಡ್ತಾನೆ, ನಿಂತ್ಕೊಂಬಿಡ್ತಾನೆ, ಆಮೇಲೆ ಎತ್ಲಾಗೋ ಎಗರ್ತಾನೆ. ವಿಡಿಯೋ ಇನ್ನೂ ಸರಿಯಾಗಿಲ್ವಾ ಅಕ್ಕಾ?"

ಬೃಂದಾ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ವಿಡಿಯೋ ಸರಿಯಾಗೇ ಐತೆ ಅಣ್ಣ. ನಮ್ಮೆಜಮಾನ್ರು ಇರೋದೇ ಹಂಗೆ."